ಕಾರಿನಲ್ಲಿ 41, ದಾಖಲೆಯಲ್ಲಿ 39.2

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಫೋಟೊಗಳು ಬರಲು ಶುರು. ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ 41 ಡಿಗ್ರಿ. "ನೀವು ಹವಾಮಾನ ಕೇಂದ್ರದವರು ತಾಪಮಾನ ಕಡಿಮೆ ಹೇಳ್ತಿದ್ದೀರಿ ಅಲ್ವಾ ಸರ್?" ಅಂತ ಕೇಳುತ್ತಾರೆ. ಖಂಡಿತ ಇಲ್ಲ. ಕಾರು ಕಾದ ಡಾಂಬರಿನ ಮೇಲೆ ನಿಂತಿರುತ್ತದೆ, ಒಳಗೆ ಎಂಜಿನ್ ಬೇರೆ ಬಿಸಿಯಾಗಿರುತ್ತದೆ. ಅದು ತೋರಿಸುವುದು ತನ್ನ ಸುತ್ತಲಿನ ಕಾವು. ನಾವು ಅಳೆಯುವುದು ನೆರಳಿನ ಗಾಳಿ ಎಷ್ಟು ಬಿಸಿಯಾಗಿದೆ ಅನ್ನುವುದನ್ನು.

ಬೆಂಗಳೂರು ನಗರದ ಅಧಿಕೃತ ಅಂಕಿ ಬರುವುದು ಪ್ಯಾಲೇಸ್ ರಸ್ತೆಯ ಹವಾಮಾನ ಕೇಂದ್ರದಿಂದ. ಇಂಥ ಕೇಂದ್ರದ ಅಂಗಳದಲ್ಲಿ ಕಾಲುಗಳ ಮೇಲೆ ನಿಂತ ಒಂದು ಬಿಳಿ ಪೆಟ್ಟಿಗೆ ಇರುತ್ತದೆ. ಅದೇ ಸ್ಟೀವನ್ಸನ್ ಪೆಟ್ಟಿಗೆ. ಸುತ್ತ ಜಾಲರಿ ಪಟ್ಟಿ, ಗಾಳಿ ಆಡುತ್ತದೆ, ಬಿಸಿಲು ಬೀಳುವುದಿಲ್ಲ. ಬಾಗಿಲು ಉತ್ತರಕ್ಕೆ, ತೆರೆದಾಗಲೂ ನೇರ ಬಿಸಿಲು ಒಳಗೆ ಬರಬಾರದು ಅಂತ.

ಒಳಗಿನ ಥರ್ಮಾಮೀಟರ್‌ಗಳಲ್ಲಿ ನನಗೆ ಜಾಸ್ತಿ ಇಷ್ಟ ಕನಿಷ್ಠ ತಾಪಮಾನದ್ದು. ಅದನ್ನು ಅಡ್ಡವಾಗಿ ಮಲಗಿಸಿರುತ್ತೇವೆ. ಪಾದರಸ ಇಲ್ಲ, ಸ್ಪಿರಿಟ್ ಇದೆ, ಅದರೊಳಗೆ ಸೂಜಿಯಂಥ ಒಂದು ಪುಟ್ಟ ಕಡ್ಡಿ. ಚಳಿ ಏರಿದಂತೆ ಸ್ಪಿರಿಟ್ ಕುಗ್ಗುತ್ತಾ ಕಡ್ಡಿಯನ್ನೂ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಬಿಸಿಲೇರಿ ಸ್ಪಿರಿಟ್ ಮುಂದೆ ಹರಿದರೂ ಕಡ್ಡಿ ಅಲ್ಲೇ ಉಳಿಯುತ್ತದೆ. ಊರೆಲ್ಲ ಮಲಗಿದ್ದಾಗಿನ ಅತಿ ಚಳಿಯ ಗಳಿಗೆಯನ್ನು ಅದು ಬೆಳಿಗ್ಗೆಯವರೆಗೆ ಕಾದಿಟ್ಟಿರುತ್ತದೆ.

ಹಳೆಯ ದಾಖಲೆಗಳನ್ನು ನೋಡುವಾಗ ನನಗೆ ಒಂದು ಅಭ್ಯಾಸ. ಅಂಕಿಯನ್ನು ಹಳೆಯ ಅಳತೆಗೆ ತಿರುಗಿಸಿ ನೋಡುತ್ತೇನೆ. ಬೆಂಗಳೂರಿನ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, 1884ರ ಜನವರಿಯದು. ತಿರುಗಿಸಿದರೆ ಸರಿಯಾಗಿ 46 ಫ್ಯಾರನ್‌ಹೀಟ್. 1891ರ ಜೂನ್ 16ರ ಮಳೆ 101.6 ಮಿ.ಮೀ., ಅಂದರೆ ಪೂರ್ತಿ 4 ಇಂಚು. ದೀಪದ ಕಾಲದಲ್ಲಿ ಯಾರೋ ಅಳೆದು ಬರೆದಿಟ್ಟ ಆ 4 ಇಂಚು 133 ವರ್ಷ ಜೂನ್ ತಿಂಗಳ ಒಂದು ದಿನದ ಮಳೆಯ ದಾಖಲೆಯಾಗಿ ನಿಂತಿತ್ತು. ಅದನ್ನು ಮುರಿದದ್ದು 2024ರ ಜೂನ್ 2ರ ಭಾನುವಾರ ಸುರಿದ 111.1 ಮಿ.ಮೀ. ಮಳೆ. ಒಂದು 30-40 ಸೈಟಿನ ಮೇಲೆ ಇಷ್ಟು ಮಳೆ ಬಿದ್ದರೆ ಸುಮಾರು 12,400 ಲೀಟರ್ ನೀರು. ಆರು ಸಾವಿರ ಲೀಟರಿನ ಎರಡು ಟ್ಯಾಂಕರ್ ತುಂಬಿ ಇನ್ನೂ ಮಿಗುತ್ತದೆ. ಆ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದವರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

ಮಳೆಯ ದಿನ ಮಧ್ಯರಾತ್ರಿಗೆ ಬದಲಾಗುವುದಿಲ್ಲ, ಬೆಳಿಗ್ಗೆ 8.30ಕ್ಕೆ ಬದಲಾಗುತ್ತದೆ. ನಿನ್ನೆ 8.30ರಿಂದ ಇವತ್ತು 8.30ರವರೆಗೆ ಬಿದ್ದದ್ದು ಇವತ್ತಿನ ತಾರೀಖಿಗೆ ಸೇರುತ್ತದೆ. 1997ರ ಅಕ್ಟೋಬರ್ 1ರ ಹೆಸರಿನಲ್ಲಿರುವ 178.9 ಮಿ.ಮೀ. ಹಸ್ತ ಮಳೆಯ ಲೆಕ್ಕ ಸೆಪ್ಟೆಂಬರ್ 30ರ ಬೆಳಿಗ್ಗೆಯಿಂದಲೇ ಶುರು. ಪತ್ರಿಕೆಯಲ್ಲಿ ಎರಡು ಬೇರೆ ಅಂಕಿ ಕಂಡರೆ ಮೊದಲು ಈ ಗಡಿಯನ್ನು ನೋಡಿ.

ಪ್ಯಾಲೇಸ್ ರಸ್ತೆಯ ಒಂದು ಮಳೆಮಾಪಕ ಇಡೀ ಬೆಂಗಳೂರಿನ ಮಳೆ ಹೇಳುತ್ತದೆಯೇ? ಇಲ್ಲ. ಸಂಜೆಯ ಗುಡುಗು ಮಳೆ ಯಲಹಂಕವನ್ನು ಮುಳುಗಿಸಿ ಜಯನಗರವನ್ನು ಒಣಗಿಸಿ ಬಿಡಬಹುದು. ಅದಕ್ಕೇ ಎಚ್‌ಎಎಲ್ ಮತ್ತು ದೇವನಹಳ್ಳಿ ವಿಮಾನ ನಿಲ್ದಾಣಗಳಲ್ಲಿ ಬೇರೆ ಅಳತೆ ಇದೆ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳೂ ಇವೆ. ನಿಮ್ಮ ರಸ್ತೆಯ ನೀರಿನ ಚಿಂತೆಗೆ ಅವನ್ನು ನೋಡಿ. ಆದರೆ ಊರು ನೂರು ವರ್ಷದಲ್ಲಿ ಎಷ್ಟು ಬದಲಾಯಿತು ಅಂತ ಕೇಳಿದರೆ ಹಳೆಯ ಕೇಂದ್ರದ ಪುಸ್ತಕವೇ ಬೇಕು. 2016ರ ಏಪ್ರಿಲ್‌ನ 39.2 ಡಿಗ್ರಿಯನ್ನು ದಾಖಲೆ ಅಂತ ಧೈರ್ಯವಾಗಿ ಹೇಳಿದ್ದು ಹಿಂದಿನ ಅಷ್ಟೂ ಬೇಸಿಗೆಗಳ ಲೆಕ್ಕ ಕೈಯಲ್ಲಿದ್ದುದರಿಂದ.

ನಿಮ್ಮ ಶಾಲೆಯಲ್ಲೋ ತೋಟದಲ್ಲೋ ಮಳೆಮಾಪಕ ಇಡುವುದಾದರೆ ಮರ, ಗೋಡೆಯಿಂದ ದೂರ ಇಡಿ. ಮಳೆ ಇಲ್ಲದ ದಿನ ಸೊನ್ನೆ ಅಂತ ಬರೆಯಿರಿ, ಸುಮ್ನೆ ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಆ ದಿನ ಮಳೆ ಬರಲಿಲ್ಲವೋ, ಅಳೆಯುವವರೇ ಬರಲಿಲ್ಲವೋ ಮುಂದೆ ಓದುವವರಿಗೆ ಗೊತ್ತಾಗುವುದಿಲ್ಲ.