429 ಕೋಟಿಯ ಆ ಸಂಖ್ಯೆ ಮತ್ತು 641

ಎರಡು ದಿನ ಇದೊಂದು ಲೆಕ್ಕವನ್ನೇ ಹಿಡಿದು ಕೂತಿದ್ದೆ. ಈಗಷ್ಟೇ ತಲೆಗೆ ಹೋಗಿದೆ. ಮರೆಯುವ ಮೊದಲು ಬರೆದಿಡುತ್ತೇನೆ.

ಸಂಖ್ಯೆ 4,29,49,67,297. ಅಂದರೆ 2³² + 1. ಇದು ಫರ್ಮಾ ಸಂಖ್ಯೆಗಳ ಸಾಲಿನದು: 2ರ ಘಾತವಾಗಿ 1, 2, 4, 8, 16, 32 ಹೀಗೆ ಇಮ್ಮಡಿಸುತ್ತಾ ಹಾಕಿ, 1 ಕೂಡಿಸಿದರೆ ಸಿಗುವವು. ಇದಕ್ಕಿಂತ ಮೊದಲು ಬರುವ 3, 5, 17, 257, 65537 ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆ ಎಂದು 1640ರಲ್ಲಿ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ 2³² + 1ನ್ನು ಒಡೆದು ತೋರಿಸಿದರು: 641 × 67,00,417.

ಗುಣಿಸಿ ನೋಡಿದರೆ ಸರಿ ಬರುತ್ತದೆ. ಆದರೆ ಅಷ್ಟು ದೊಡ್ಡ ಗುಣಾಕಾರ ಮಾಡದೆಯೂ 641 ಭಾಗಿಸುತ್ತದೆ ಎಂದು ತೋರಿಸಬಹುದು. 641ನ್ನು ಎರಡು ಥರ ಬರೆಯಿರಿ:

641 = 640 + 1 = 5 × 2⁷ + 1
641 = 625 + 16 = 5⁴ + 2⁴

ಮೊದಲ ಸಾಲಿನಿಂದ, 5 × 2⁷ನ್ನು 641ರಿಂದ ಭಾಗಿಸಿದರೆ ಶೇಷ −1. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ರ ಶೇಷ 1. ಈಗ 5⁴ ಇರುವ ಜಾಗದಲ್ಲಿ −2⁴ ಹಾಕಬೇಕು.

ನಾನು ಸಿಕ್ಕಿಕೊಂಡಿದ್ದು ಇಲ್ಲೇ. 641ಕ್ಕಿಂತ 625 ಚಿಕ್ಕದು, ಶೇಷ 625 ತಾನೇ? −16 ಎಲ್ಲಿಂದ ಬಂತು? ವಾರದ ಲೆಕ್ಕ ನೆನಪಿಸಿಕೊಳ್ಳಿ. ಸೋಮವಾರದಿಂದ ಆರು ದಿನ ಮುಂದೆ ಹೋದರೆ ಭಾನುವಾರ. ಒಂದು ದಿನ ಹಿಂದೆ ಹೋದರೂ ಭಾನುವಾರವೇ, ಅಲ್ವಾ? 7ರ ಲೆಕ್ಕದಲ್ಲಿ 6 ಮತ್ತು −1 ಒಂದೇ. ಹಾಗೆಯೇ 641ರ ಲೆಕ್ಕದಲ್ಲಿ 625 ಮತ್ತು −16 ಒಂದೇ, ಯಾಕೆಂದರೆ 625ಕ್ಕೆ 641 ಆಗಲು 16 ಕಡಿಮೆ.

ಸರಿ, ಗುಣಾಕಾರದ ನಡುವೆ ಹೀಗೆ ಬದಲಾಯಿಸಬಹುದಾ? ಬಿಡಿಸಿ ಬರೆದ ಮೇಲೆ ನನಗೆ ಧೈರ್ಯ ಬಂತು. 625 × 2²⁸ ಅಂದರೆ (641 − 16) × 2²⁸. ಇದರಲ್ಲಿ 641 × 2²⁸ ಎಂಬ ತುಂಡು 641ರಿಂದ ಪೂರ್ತಿ ಭಾಗವಾಗುತ್ತದೆ, ಶೇಷಕ್ಕೆ ಏನೂ ಸೇರಿಸುವುದಿಲ್ಲ. ಉಳಿಯುವುದು −16 × 2²⁸, ಅಂದರೆ −2³². ಅದರ ಶೇಷ 1. ಹಾಗಾದರೆ 2³²ರ ಶೇಷ −1. ಒಂದು ಕೂಡಿಸಿದರೆ ಸೊನ್ನೆ!

ಆಯ್ಲರ್‌ಗೆ 641 ಸಿಕ್ಕಿದ ದಾರಿ ನನಗೆ ಇನ್ನೂ ಜಾಸ್ತಿ ಇಷ್ಟ. 2³² + 1ನ್ನು ಭಾಗಿಸುವ ಯಾವುದೇ ಅವಿಭಾಜ್ಯದಿಂದ 1 ಕಳೆದರೆ, ಉಳಿದದ್ದು 64ರ ಮಗ್ಗಿಯಲ್ಲಿ ಇರಲೇಬೇಕು. ಹಾಗಾಗಿ ಸುಮ್ನೆ 3, 7, 11 ಎಂದು ಒಂದೊಂದಾಗಿ ಭಾಗಿಸುತ್ತಾ ಕೂರಬೇಕಿಲ್ಲ. 65, 129, 193 ಹೀಗೆ 64 ಕೂಡಿಸುತ್ತಾ ಹೋದರೆ ಸಿಗುವ ಅವಿಭಾಜ್ಯಗಳು 193, 257, 449, 577, 641. ಐದನೆಯದೇ ಉತ್ತರ! ಈ 64ರ ನಿಯಮ ಬರುವುದು ಫರ್ಮಾ ಅವರದೇ ಕಿರು ಪ್ರಮೇಯದಿಂದ (p ಅವಿಭಾಜ್ಯವಾಗಿದ್ದು, a ಅದರಿಂದ ಭಾಗವಾಗದಿದ್ದರೆ, aಯ p − 1ನೇ ಘಾತವನ್ನು pಯಿಂದ ಭಾಗಿಸಿದಾಗ ಶೇಷ 1).

ನಮ್ಮ ಮೊದಲ ಸಂಖ್ಯೆ 2³² + 1ರಿಂದ 2 ಕಳೆದು ಸಿಗುವ 4,29,49,67,295ನ್ನೂ ಒಡೆದು ನೋಡಿ: 3 × 5 × 17 × 257 × 65537. ಹಿಂದಿನ ಐದೂ ಫರ್ಮಾ ಸಂಖ್ಯೆಗಳು ಅದರೊಳಗೇ ಇವೆ.