ಕೊರಿಯಾದಲ್ಲಿ ಬಸುರಿಯ ಕನಸಿಗೆ ಸೂರ್ಯ ಬಂದರೆ ಗಂಡು ಮಗುವೇ?

ಪ್ರಶ್ನೆ: ನಾನು ನೋಡುವ ಕೊರಿಯನ್ ಧಾರಾವಾಹಿಯೊಂದರಲ್ಲಿ ಅತ್ತೆಗೆ ಕನಸು ಬೀಳುತ್ತದೆ. ಆಕಾಶದ ಸೂರ್ಯ ಜಾರಿ ಬಂದು ಅವರ ಮಡಿಲಿಗೆ ಬೀಳುತ್ತಾನೆ. ಬೆಳಗ್ಗೆ ಎದ್ದವರೇ ಸೊಸೆಗೆ ಫೋನ್ ಮಾಡಿ, ‘ಏನಾದರೂ ವಿಶೇಷ ಇದೆಯೇನಮ್ಮ?’ ಎಂದು ಕೇಳುತ್ತಾರೆ. ಸೂರ್ಯನ ಕನಸೆಂದರೆ ಅಲ್ಲಿ ಗಂಡು ಮಗು ಎಂದು ಅರ್ಥವೇ? ಕನಸು ಬಿದ್ದದ್ದು ಅತ್ತೆಗೆ, ಬಸುರಿ ಸೊಸೆ. ಇದು ಹೇಗೆ ಲೆಕ್ಕಕ್ಕೆ ಬರುತ್ತದೆ?

ಉತ್ತರ: ಸೂರ್ಯ ಕಂಡರೆ ಗಂಡು ಎಂದು ಹೇಳುವ ಹಿರಿಯರು ಕೊರಿಯಾದಲ್ಲಿ ಇದ್ದಾರೆ. ಆದರೆ ಆ ಕನಸಿನ ಮುಖ್ಯ ಅರ್ಥ ಅದಲ್ಲ. ಹುಟ್ಟುವ ಮಗು ಹೆಸರು ಮಾಡುತ್ತದೆ, ದೊಡ್ಡ ಸ್ಥಾನಕ್ಕೆ ಏರುತ್ತದೆ, ಅದರಿಂದ ನಾಲ್ಕು ಜನಕ್ಕೆ ಬೆಳಕಾಗುತ್ತದೆ ಎಂಬುದೇ ಹಳೆಯ ಕಾಲದಿಂದ ನಡೆದುಬಂದ ಅರ್ಥ. ಗಂಡು ಹೆಣ್ಣಿನ ಲೆಕ್ಕ ಅದಕ್ಕೆ ಅಂಟಿಕೊಂಡಿದೆ, ಅಷ್ಟೆ. ಆ ಅಂಟು ಎಷ್ಟು ಸಡಿಲ ಎಂಬುದಕ್ಕೆ ಅವರ ಹಳೆಯ ಕಥೆಗಳಲ್ಲೇ ಪುರಾವೆ ಸಿಗುತ್ತದೆ.

ಮೊದಲು ಅತ್ತೆಯ ವಿಷಯ. ಮಗು ಬರುವ ಸೂಚನೆ ಕೊಡುವ ಕನಸಿಗೆ ಕೊರಿಯನ್ನರು ‘ತೇಮೊಂಗ್’ ಎನ್ನುತ್ತಾರೆ. ಅದು ತಾಯಿಗೇ ಬೀಳಬೇಕೆಂಬ ನಿಯಮವಿಲ್ಲ. ಅಪ್ಪ, ಅಜ್ಜಿ, ಅತ್ತೆ, ಚಿಕ್ಕಮ್ಮ, ಗೆಳತಿ, ಪಕ್ಕದ ಮನೆಯವರು, ಯಾರಿಗೆ ಬೇಕಾದರೂ ಬೀಳಬಹುದು. ಬಸಿರು ನಿಲ್ಲುವ ಮುಂಚೆಯೂ ಬೀಳಬಹುದು, ತಿಂಗಳುಗಳು ಕಳೆದ ಮೇಲೂ ಬೀಳಬಹುದು. ಹಾಗಾಗಿ ಮಕ್ಕಳ ಯೋಚನೆಯೇ ಇಲ್ಲದ ಒಬ್ಬರ ಕನಸಿಗೆ ಭಾರೀ ಹುಲಿಯೋ ಹೊಳೆಯುವ ಹಣ್ಣೋ ಬಂದರೆ, ‘ನಮ್ಮವರಲ್ಲಿ ಯಾರಿಗೆ ವಿಶೇಷ?’ ಎಂದು ಫೋನ್ ತಿರುಗಿಸುವುದು ಅಲ್ಲಿ ತೀರ ಮಾಮೂಲು. ನೀವು ನೋಡಿದ ದೃಶ್ಯ ಬರೀ ಧಾರಾವಾಹಿಗಾಗಿ ಕಟ್ಟಿದ್ದಲ್ಲ. ಒಬ್ಬರ ಒಳ್ಳೆಯ ಕನಸನ್ನು ಇನ್ನೊಬ್ಬರು ಹೆಸರಿಗೊಂದಿಷ್ಟು ದುಡ್ಡು ಕೊಟ್ಟು ‘ಕೊಳ್ಳುವ’ ರೂಢಿಯೂ ಇದೆ. ಇದರ ಬೇರು ಬಹಳ ಹಿಂದಿನದು. ಹಳೆಯ ಕೊರಿಯಾದ ಶಿಲ್ಲಾ ರಾಜ್ಯದ ಸೇನಾಪತಿ ಕಿಮ್ ಯು-ಶಿನ್‌ಗೆ ಇಬ್ಬರು ತಂಗಿಯರು. ಅಕ್ಕ ಬೊಹಿ ಕಂಡ ವಿಚಿತ್ರ ಕನಸನ್ನು ತಂಗಿ ಮುನ್ಹಿ ಒಂದು ರೇಷ್ಮೆ ಲಂಗ ಕೊಟ್ಟು ಕೊಂಡಳು, ಮುಂದೆ ಅವಳೇ ರಾಣಿಯಾದಳು ಎಂದು ‘ಸಾಮ್‌ಗುಕ್ ಯುಸಾ’ ಎಂಬ 13ನೇ ಶತಮಾನದ ಗ್ರಂಥ ಹೇಳುತ್ತದೆ.

ಈಗ ಸೂರ್ಯನಿಗೆ ಬರೋಣ. ಸೂರ್ಯ ಕಂಡ ಎಂದಷ್ಟೇ ಹೇಳಿದರೆ ಕೊರಿಯನ್ ಅಜ್ಜಿಗೆ ಸಾಕಾಗುವುದಿಲ್ಲ. ಸೂರ್ಯ ಏನು ಮಾಡಿದ, ನೀನೇನು ಮಾಡಿದೆ ಎಂದು ಬಿಡಿಸಿ ಕೇಳುತ್ತಾಳೆ. ದೂರದಲ್ಲಿ ಮುಳುಗುತ್ತಿದ್ದ ಸೂರ್ಯನನ್ನು ಸುಮ್ಮನೆ ನೋಡುತ್ತ ನಿಂತಿದ್ದರೆ ಅದಕ್ಕೆ ಅಷ್ಟು ತೂಕವಿಲ್ಲ. ಸೂರ್ಯ ನಿನ್ನ ಹತ್ತಿರ ಬಂದನೇ, ಎದೆಗೆ ಅಪ್ಪಿಕೊಂಡೆಯಾ, ನುಂಗಿದೆಯಾ, ಕಿಟಕಿಯಿಂದ ಒಳಬಂದ ಬಿಸಿಲು ಹೊಟ್ಟೆಯ ಮೇಲೆ ಬಿತ್ತೇ, ಇವೇ ಮುಖ್ಯ. ಅತಿ ಹೆಚ್ಚು ಕೇಳಿಬರುವ ಚಿತ್ರವೆಂದರೆ ಆಕಾಶದಿಂದ ಬೀಳುವ ಸೂರ್ಯನನ್ನು ಲಂಗದಲ್ಲಿ ಹಿಡಿಯುವುದು. ಕೊರಿಯನ್ ಹೆಂಗಸರ ಸಾಂಪ್ರದಾಯಿಕ ಲಂಗ ‘ಛಿಮಾ’ ಎದೆಯ ಮೇಲಿಂದಲೇ ಶುರುವಾಗಿ ಪಾದದವರೆಗೆ ತುಂಬು ನೆರಿಗೆಯಲ್ಲಿ ಇಳಿಯುತ್ತದೆ. ಎರಡು ಕೈಯಲ್ಲಿ ಅದರ ಅಂಚು ಹಿಡಿದು ಹರಡಿದರೆ ಮರದಿಂದ ಉದುರುವ ಹಣ್ಣುಗಳನ್ನೆಲ್ಲ ಅದರಲ್ಲೇ ತುಂಬಿಕೊಳ್ಳಬಹುದು. ನಮ್ಮ ಕಡೆ ಸೆರಗೊಡ್ಡಿ ಮಡಿಲು ತುಂಬಿಸಿಕೊಳ್ಳುತ್ತಾರಲ್ಲ, ಅದೇ ಭಾವ. ಪೀಚ್ ಹಣ್ಣು, ಚೆಸ್ಟ್‌ನಟ್, ಮೆಣಸಿನಕಾಯಿ, ಮೀನು, ಸೂರ್ಯ, ಏನೇ ಆಗಲಿ, ಬಂದದ್ದನ್ನು ಮಡಿಲಿಗೆ ತೆಗೆದುಕೊಂಡೆಯಾ ಎಂಬುದರ ಮೇಲೆ ತೇಮೊಂಗ್ ನಿಂತಿದೆ.

ಸೂರ್ಯನಿಗೇ ಈ ದೊಡ್ಡಸ್ತಿಕೆ ಯಾಕೆ ಎಂದರೆ ಎರಡು ಕಥೆ ಹೇಳಬೇಕು. ಒಂದು ಎಚ್ಚರದಲ್ಲೇ ನಡೆದದ್ದು. ಹಳೆಯ ಕೊರಿಯಾದ ಇನ್ನೊಂದು ರಾಜ್ಯ ಗೊಗುರ್ಯೊವನ್ನು ಕ್ರಿ.ಪೂ. 37ರಲ್ಲಿ ಕಟ್ಟಿದ ಎನ್ನಲಾಗುವ ಜುಮೊಂಗ್‌ನ ತಾಯಿ ಯುಹ್ವಾ, ನದಿಯ ದೇವರ ಮಗಳು. ಬುಯೊ ಎಂಬ ರಾಜ್ಯದ ರಾಜ ಗುಮ್ವಾ ಅವಳನ್ನು ಒಂದು ಕೋಣೆಯಲ್ಲಿ ಕೂಡಿಹಾಕುತ್ತಾನೆ. ಅಲ್ಲಿ ಬಿಸಿಲು ಅವಳ ಮೇಲೆ ಬೀಳುತ್ತದೆ. ಅವಳು ಪಕ್ಕಕ್ಕೆ ಸರಿಯುತ್ತಾಳೆ, ಬಿಸಿಲೂ ಹಿಂದೆಯೇ ಸರಿಯುತ್ತದೆ. ಹಾಗೆ ಬಸಿರಾಗಿ ಒಂದು ದೊಡ್ಡ ಮೊಟ್ಟೆ ಹೆರುತ್ತಾಳೆ. ರಾಜ ಅದನ್ನು ನಾಯಿಗೆ, ಹಂದಿಗೆ ಎಸೆಯುತ್ತಾನೆ, ಅವು ಮುಟ್ಟುವುದಿಲ್ಲ. ದಾರಿಗೆ ಎಸೆದರೆ ದನ ಕುದುರೆಗಳು ಬಳಸಿಕೊಂಡು ಹೋಗುತ್ತವೆ. ಬಯಲಿಗೆ ಎಸೆದರೆ ಹಕ್ಕಿಗಳು ರೆಕ್ಕೆ ಮುಚ್ಚಿ ಕಾಯುತ್ತವೆ. ಆ ಮೊಟ್ಟೆಯಿಂದ ಬಂದವನೇ ಜುಮೊಂಗ್. ಕುಂತಿಯ ಕಥೆ ಕೇಳಿ ಬೆಳೆದ ನಮಗೆ ಸೂರ್ಯನಿಂದ ಮಗುವಾಗುವುದು ಹೊಸದಲ್ಲ. ಆದರೆ ಇಲ್ಲಿ ಮಂತ್ರವಿಲ್ಲ, ಕರೆದವರಿಲ್ಲ. ಸೆರೆಯಲ್ಲಿದ್ದ ಹೆಣ್ಣನ್ನು ಹುಡುಕಿಕೊಂಡು ಬೆಳಕೇ ಬಂತು. ಸೂರ್ಯ ತಾನಾಗಿ ಒಳಗೆ ಬರಬೇಕು ಎಂಬ ತೇಮೊಂಗ್‌ನ ನಂಬಿಕೆಗೆ ಈ ಕಥೆಯೇ ಹಿನ್ನೆಲೆ ಎಂದು ನನಗನ್ನಿಸುತ್ತದೆ.

ಇನ್ನೊಂದು ನಿಜವಾಗಿ ಬದುಕಿದ್ದ ಮನುಷ್ಯನದು. ಮೇಲೆ ಹೇಳಿದ ‘ಸಾಮ್‌ಗುಕ್ ಯುಸಾ’ ಬರೆದ ಬೌದ್ಧ ಭಿಕ್ಷು ಇರ್ಯೊನ್ (1206–1289). ಅವರು ಕೊನೆಯುಸಿರೆಳೆದ ಇಂಗಾಕ್‌ಸಾ ಮಠದಲ್ಲಿ 1295ರಲ್ಲಿ ಒಂದು ಸ್ಮಾರಕ ಶಾಸನ ನಿಲ್ಲಿಸಿದರು. ಸೂರ್ಯನ ಬಿಂಬ ಮನೆಯೊಳಗೆ ಬಂದು ಬೆಳಕು ತನ್ನ ಹೊಟ್ಟೆಯ ಮೇಲೆ ಬಿದ್ದಂತೆ ಅವರ ತಾಯಿಗೆ ಮೂರು ರಾತ್ರಿ ಕನಸಾಯಿತು, ಅದರಿಂದ ಬಸಿರಾದರು ಎಂದು ಅದರಲ್ಲಿ ಕೆತ್ತಿದೆ. ಹುಡುಗನಿಗೆ ಮೊದಲಿದ್ದ ಹೆಸರು ಗ್ಯೊನ್‌ಮ್ಯೊಂಗ್, ಅಂದರೆ ಬೆಳಕು ಕಂಡವ. ಕಲ್ಲು ಈಗ ಒಡೆದು ಸವೆದುಹೋಗಿದೆ. ಹಿಂದಿನವರು ಕಾಗದ ಒತ್ತಿ ತೆಗೆದಿಟ್ಟ ಅಚ್ಚುಗಳಿಂದ ಪಾಠ ಉಳಿದಿದೆ. ಒಮ್ಮೆ ಯೋಚಿಸಿ. ಕೊರಿಯಾದ ಹಳೆಯ ಕನಸುಗಳನ್ನೆಲ್ಲ ಒಟ್ಟುಹಾಕಿ ಬರೆದಿಟ್ಟವರ ಹುಟ್ಟಿಗೇ ಸೂರ್ಯನ ಕನಸು. ಅವರು ರಾಜನಾಗಲಿಲ್ಲ, ಸೇನಾಪತಿಯಾಗಲಿಲ್ಲ. ಮಂಗೋಲರ ದಾಳಿಯಲ್ಲಿ ನಾಡು ಸುಟ್ಟುಹೋಗುತ್ತಿದ್ದ ಕಾಲದಲ್ಲಿ ಬದುಕಿ, ಜನರ ಕಥೆಗಳು ಕಳೆದುಹೋಗದಂತೆ ಬರೆದಿಟ್ಟರು. ಸೂರ್ಯನ ಕನಸಿಗೆ ಅಧಿಕಾರ ಎಂದು ಮಾತ್ರ ಅರ್ಥ ಹಚ್ಚುವವರಿಗೆ ನಾನು ಮೊದಲು ತೋರಿಸುವುದು ಈ ಶಾಸನವನ್ನು.

ಅದೇ ಕನಸು ಬೇರೆಯವರ ಕೈಯಲ್ಲಿ ಬೆದರಿಕೆಯೂ ಆಗಿದೆ. ಆಗ ಜಪಾನನ್ನು ಆಳುತ್ತಿದ್ದ ತೊಯೊತೊಮಿ ಹಿದೆಯೊಶಿ 1590ರಲ್ಲಿ ಕೊರಿಯಾದ ರಾಜ ಸೊನ್ಜೊಗೆ ಒಂದು ಪತ್ರ ಬರೆಯುತ್ತಾನೆ. ತಾನು ಗರ್ಭದಲ್ಲಿದ್ದಾಗ ತಾಯಿಯ ಎದೆಗೆ ಸೂರ್ಯ ಬಂದು ಸೇರಿದಂತೆ ಕನಸಾಗಿತ್ತು, ಸೂರ್ಯನ ಬೆಳಕು ಮುಟ್ಟುವಲ್ಲೆಲ್ಲ ಇವನ ಹೆಸರು ಹಬ್ಬುತ್ತದೆ ಎಂದು ಲಕ್ಷಣ ನೋಡುವವನು ಹೇಳಿದ್ದ ಎಂದು ಅದರಲ್ಲಿದೆ. ಮಿಂಗ್ ಚೀನಾವನ್ನು ಗೆಲ್ಲುವ ಆಸೆಯೂ ಅದೇ ಪತ್ರದಲ್ಲಿದೆ. 1592ರಲ್ಲಿ ಅವನ ಸೇನೆ ಕೊರಿಯಾಕ್ಕೆ ನುಗ್ಗಿತು. ಹಿದೆಯೊಶಿ ಸಾಮಾನ್ಯ ಮನೆಯಲ್ಲಿ ಹುಟ್ಟಿ ಮೇಲೆ ಬಂದವನು. ಹೇಳಿಕೊಳ್ಳಲು ವಂಶದ ಹೆಸರಿಲ್ಲದವನಿಗೆ ತಾಯಿಯ ಕನಸು ವಂಶದ ಜಾಗ ತುಂಬಿತು. ಚೀನಾದಲ್ಲಿ ಹಾನ್ ಚಕ್ರವರ್ತಿ ವೂನ ತಾಯಿಯೂ ಸೂರ್ಯ ಎದೆಗೆ ಬಂದ ಕನಸು ಕಂಡಿದ್ದಳೆಂದು ಇತಿಹಾಸಗಳಲ್ಲಿ ಬರೆದಿತ್ತು. ಹಾಗಾಗಿ ಅವನು ಏನು ಹೇಳುತ್ತಿದ್ದಾನೆಂದು ಓದುವವರಿಗೆ ವಿವರಿಸಬೇಕಾಗಿರಲಿಲ್ಲ.

ಇನ್ನು ನೀವು ಕೇಳಿದ ಗಂಡು ಹೆಣ್ಣಿನ ಮಾತು. ಸೂರ್ಯ ಗಂಡು, ಚಂದ್ರ ಹೆಣ್ಣು ಎಂಬ ಜೋಡಿ ಜಗತ್ತೆಲ್ಲ ಎರಡು ಎದುರುಬದುರು ಶಕ್ತಿಗಳ ಜೋಡಿ ಎನ್ನುವ ಚೀನಾದ ಯಿನ್-ಯಾಂಗ್ ವಿಚಾರದಿಂದ ಬಂದದ್ದು. ಕೊರಿಯಾದ ಜೊಸೊನ್ ರಾಜವಂಶದ ಕಾಲದ ಅರಮನೆಗಳಲ್ಲಿ ಸಿಂಹಾಸನದ ಹಿಂದೆ ಐದು ಬೆಟ್ಟಗಳ ಮೇಲೆ ಕೆಂಪು ಸೂರ್ಯ, ಬಿಳಿ ಚಂದ್ರ ಇರುವ ಪರದೆ ನಿಲ್ಲಿಸುತ್ತಿದ್ದರು. ಸೂರ್ಯ ರಾಜ, ಚಂದ್ರ ರಾಣಿ ಎಂದು ಅದನ್ನು ಓದುತ್ತಾರೆ. ಇಂದಿನ 10,000 ವೊನ್ ನೋಟಿನಲ್ಲೂ ರಾಜ ಸೆಜೊಂಗ್‌ನ ಚಿತ್ರದ ಹಿನ್ನೆಲೆಗೆ ಅದೇ ಇದೆ. ದಿನಾ ಜೇಬಿನಲ್ಲಿರುವ ಈ ಜೋಡಿ ಕನಸಿನ ಅರ್ಥಕ್ಕೂ ಇಳಿದದ್ದು ಸಹಜ.

ಆದರೆ ಕಥೆಗಳು ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಚೀನಾದ ಮೂರು ರಾಜ್ಯಗಳ ಕಾಲದ ಸುನ್ ಚುವಾನ್ ಹುಟ್ಟುವಾಗ ತಾಯಿಗೆ ಸೂರ್ಯನ ಕನಸು, ಅವನ ಅಣ್ಣ ಸುನ್ ಸ ಹುಟ್ಟುವಾಗ ಚಂದ್ರನ ಕನಸು. ಇಬ್ಬರೂ ಗಂಡು. ಕಿಮ್ ಯು-ಶಿನ್‌ನ ತಂದೆಗೆ ಕಂಡದ್ದು ಮಂಗಳ ಮತ್ತು ಶನಿ ತನ್ನ ಮೇಲೆ ಇಳಿದಂತೆ. ಶಿಲ್ಲಾದ ಬೌದ್ಧ ಭಿಕ್ಷು ವೊನ್ಹ್ಯೊನ ತಾಯಿಗೆ ಉಲ್ಕೆಯೊಂದು ಎದೆಗೆ ಬಂದಂತೆ. ಹಾವಿನ ವಿಷಯ ಇನ್ನೂ ಸ್ಪಷ್ಟ. ಕರಡಿ ಕಂಡರೆ ಗಂಡು, ಹಾವು ಕಂಡರೆ ಹೆಣ್ಣು ಎಂದು ಚೀನಾದ ಅತಿ ಹಳೆಯ ಕವಿತೆಗಳಲ್ಲಿದೆ. ಇಂದಿನ ಕೊರಿಯಾದಲ್ಲಿ ಬಹಳ ಜನ ದೊಡ್ಡ ಹಾವೆಂದರೆ ಗಂಡು, ಸಣ್ಣದಾದರೆ ಹೆಣ್ಣು ಎನ್ನುತ್ತಾರೆ. ಒಂದೇ ಹಾವು, ಎರಡು ಕಾಲ, ಎರಡು ತೀರ್ಪು. ಹೊಟ್ಟೆ ಚೂಪಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಅದಕ್ಕಿಂತ ಹೆಚ್ಚಿನ ಆಧಾರ ಇದಕ್ಕಿಲ್ಲ.

ಈ ಭಾಗವನ್ನು ಹಗುರವಾಗಿ ಬಿಡಲು ನನಗೆ ಮನಸ್ಸಿಲ್ಲ. ಗಂಡು ಬೇಕೆಂಬ ಹಟ ಕೊರಿಯಾದಲ್ಲಿ ಒಂದು ಕಾಲಕ್ಕೆ ಭಯಂಕರವಾಗಿತ್ತು. 1990ರಲ್ಲಿ ಅಲ್ಲಿ 100 ಹೆಣ್ಣು ಮಕ್ಕಳಿಗೆ ಸುಮಾರು 116 ಗಂಡು ಮಕ್ಕಳು ಹುಟ್ಟಿದರು. ಭ್ರೂಣದ ಲಿಂಗ ತಿಳಿಸುವುದನ್ನು 1987ರಲ್ಲೇ ಕಾನೂನಿನಿಂದ ನಿಷೇಧಿಸಿದ್ದರೂ ಹೀಗಾಗಿತ್ತು. ನಂತರದ ವರ್ಷಗಳಲ್ಲಿ ಸಮಾಜ ಬದಲಾಯಿತು, ಅನುಪಾತ ಸಹಜ ಮಟ್ಟಕ್ಕೆ ಇಳಿಯಿತು. 32 ವಾರಕ್ಕೆ ಮುಂಚೆ ಲಿಂಗ ಹೇಳಬಾರದೆಂದು ಉಳಿದಿದ್ದ ನಿಯಮವನ್ನು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2024ರ ಫೆಬ್ರವರಿಯಲ್ಲಿ ರದ್ದು ಮಾಡಿತು. ಡಾಕ್ಟರು ಬಾಯಿಬಿಡುವಂತಿಲ್ಲದ ಕಾಲದಲ್ಲಿ ಅತ್ತೆಯ ಕನಸಿನ ಸೂರ್ಯ ಸೊಸೆಯ ಮೇಲೆ ಎಷ್ಟು ಭಾರ ಹೇರಿರಬಹುದೆಂದು ಊಹಿಸಬಹುದು. ನಮ್ಮಲ್ಲಿ ಲಿಂಗ ಪತ್ತೆ ನಿಷೇಧಿಸುವ 1994ರ ಕಾಯ್ದೆ ಇಂದಿಗೂ ಇದೆ, ಇರಲೇಬೇಕಾದ ಕಾರಣಗಳೂ ಇವೆ. ಕೊರಿಯನ್ ಕನಸಿನ ಪಟ್ಟಿ ಹಿಡಿದು ನಮ್ಮ ಮನೆಯ ಬಸುರಿಯರಿಗೆ ಗಂಡೋ ಹೆಣ್ಣೋ ಎಂದು ಹೇಳುವ ಆಟ ದಯವಿಟ್ಟು ಬೇಡ. ಈಗ ಕೊರಿಯಾದಲ್ಲೇ ಸೂರ್ಯನ ಕನಸಿಗೆ ಹುಟ್ಟಿದ ಹೆಣ್ಣು ಮಕ್ಕಳು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಕರ್ನಾಟಕದ ಓದುಗರಿಗೆ ಇದರ ಹತ್ತಿರದ ನೆಂಟ ಜೈನ ಪರಂಪರೆಯಲ್ಲಿ ಸಿಗುತ್ತದೆ. ತೀರ್ಥಂಕರನ ತಾಯಿ ಕಾಣುವ 16 ಕನಸುಗಳಲ್ಲಿ ಆನೆ, ವೃಷಭ, ಸಿಂಹಗಳ ಜೊತೆಗೆ ಚಂದ್ರನೂ ಉದಯಸೂರ್ಯನೂ ಇದ್ದಾರೆ. ಅಲ್ಲೂ ಸೂರ್ಯನ ಅರ್ಥ ತೇಜಸ್ಸು ಮತ್ತು ಜ್ಞಾನ.

ಕನಸು ನಿಜವಾಗುತ್ತದೆಯೇ ಎಂದರೆ, ಬಸುರಿಯರಿಗೆ ರಾತ್ರಿ ಪದೇ ಪದೇ ಎಚ್ಚರವಾಗುತ್ತದೆ, ಕನಸಿನ ನಡುವೆ ಎಚ್ಚರವಾದರೆ ಅದು ಚೆನ್ನಾಗಿ ನೆನಪಿರುತ್ತದೆ. ಅಷ್ಟು ಕನಸುಗಳಲ್ಲಿ ಯಾವುದು ತೇಮೊಂಗ್ ಎಂದು ಮನೆಯವರು ಆರಿಸುತ್ತಾರೆ. ಇರ್ಯೊನ್‌ನ ತಾಯಿಯ ಕನಸು ಕಲ್ಲಿಗೆ ಏರಿದ್ದು ಮಗ ದೊಡ್ಡ ಗುರುವಾಗಿ ತೀರಿಕೊಂಡ ಮೇಲೆ. ಇದರಿಂದ ಕನಸಿನ ಬೆಲೆ ಕಡಿಮೆಯಾಗುತ್ತದೆಂದು ನಾನು ಒಪ್ಪುವುದಿಲ್ಲ. ಕೊರಿಯಾದ ಮಕ್ಕಳು ಅಮ್ಮನನ್ನು ‘ನನ್ನ ತೇಮೊಂಗ್ ಏನು?’ ಎಂದು ಕೇಳುತ್ತಾರೆ. ತಾನು ಹುಟ್ಟುವ ಮೊದಲೇ ಯಾರೋ ತನಗಾಗಿ ಕಾದಿದ್ದರು ಎಂಬುದು ಮಗುವಿಗೆ ತಿಳಿಯುವುದು ಆ ಉತ್ತರದಲ್ಲಿ. ಹೊಟ್ಟೆಯಲ್ಲಿರುವ ಮಗುವನ್ನು ಕರೆಯಲು ಇಡುವ ಮುದ್ದು ಹೆಸರನ್ನೂ ಎಷ್ಟೋ ಮನೆಗಳಲ್ಲಿ ಈ ಕನಸಿನಿಂದಲೇ ಆರಿಸುತ್ತಾರೆ.

ಮೋಡ ಕವಿದ ಸೂರ್ಯ, ಮುಳುಗುವ ಸೂರ್ಯ ಕಂಡರೆ ಕೆಟ್ಟದ್ದೇ ಎಂದು ಹೆದರುವವರೂ ಇದ್ದಾರೆ. ‘ಕನಸಿಗಿಂತ ಅದರ ಅರ್ಥವೇ ಚೆಂದ’ ಎಂದು ಕೊರಿಯನ್ನರಲ್ಲೊಂದು ಗಾದೆ ಇದೆ. ಎಂಥ ಕನಸನ್ನೂ ಒಳ್ಳೆಯದಕ್ಕೆ ತಿರುಗಿಸಿ ಹೇಳುವವರನ್ನು ಕುರಿತದ್ದು. ಬಸುರಿಯ ಮುಂದೆ ಹಿರಿಯರು ಹಾಗೇ ಹೇಳುತ್ತಾರೆ: ಮೋಡ ಸರಿದ ಮೇಲೆ ಬಿಸಿಲು ಇನ್ನೂ ಪ್ರಖರ ಎಂದು. ನಿಮ್ಮ ಆಫೀಸಿನ ಕೊರಿಯನ್ ಸಹೋದ್ಯೋಗಿ ಯಾರಾದರೂ ಇಂಥ ಕನಸು ಹಂಚಿಕೊಂಡರೆ ಗಂಡಾ ಹೆಣ್ಣಾ ಎಂದು ಕೇಳಬೇಡಿ. ಕನಸು ಕಂಡವರು ಯಾರು, ಸೂರ್ಯ ಎಲ್ಲಿಂದ ಬಂದ, ಎಲ್ಲಿಗೆ ಬಿದ್ದ ಎಂದು ಕೇಳಿ. ಅವರು ಹೇಳಲು ಕಾಯುತ್ತಿರುವುದೂ ಅದನ್ನೇ.