ಸ್ಕೂಟರ್ ಸ್ಟ್ಯಾಂಡ್ ಹಾಕಿದ ಮೇಲಿನ ಹತ್ತು ನಿಮಿಷ

"ನನ್ನ ಸ್ವಭಾವಾನೇ ಹಿಂಗ್ರೀ ಮೇಡಂ. ನಮ್ಮಪ್ಪಂದೂ ಹಿಂಗೇ ಇತ್ತು."

ಎದುರು ಕುಳಿತಿದ್ದವರು 46 ವರ್ಷದ ವ್ಯಾಪಾರಿ. ದಾವಣಗೆರೆ ಕಡೆಯ ಒಂದು ಊರಿನಲ್ಲಿ ಪಂಪ್‌ಸೆಟ್ ಬಿಡಿಭಾಗ, ಪೈಪುಗಳ ಅಂಗಡಿ. ಪಿಯುಸಿ ಓದುವ ಮಗಳು ಮೂರು ತಿಂಗಳಿಂದ ಅವರ ಜೊತೆ ಮಾತು ಬಿಟ್ಟಿದ್ದಳು. ಹೆಂಡತಿ ಹಠ ಹಿಡಿದು ಕರೆತಂದಿದ್ದರು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ.

ಆಪ್ತಸಮಾಲೋಚಕಿಯಾಗಿ ನಾನು ಅತಿ ಹೆಚ್ಚು ಸಲ ಕೇಳಿದ ಪದ 'ಸ್ವಭಾವ'. ಅದು ಪೂರ್ತಿ ಸುಳ್ಳು ಅಂತಲ್ಲ. ಆದರೆ ಆ ಪದ ಬಂದ ಕೂಡಲೇ ನೋಡುವುದು ನಿಂತುಹೋಗುತ್ತದೆ. ನಾನು ಕೇಳಿದೆ: "ಅಂಗಡಿಗೆ ಬರೋ ಗಿರಾಕಿ ಮೇಲೂ ಹಿಂಗೇ ಕೂಗಾಡ್ತೀರಾ?" "ಛೇ, ಹೆಂಗಾಗುತ್ತೆ ಮೇಡಂ, ವ್ಯಾಪಾರ ಅಲ್ವಾ." ಹಾಗಾದರೆ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಆ ಸ್ವಭಾವ ಎಲ್ಲಿರುತ್ತದೆ? ಅವರು ಬಹಳ ಹೊತ್ತು ಸುಮ್ಮನಿದ್ದರು.

ಅವರಿಗೆ ನಾನು ಕೊಟ್ಟದ್ದು ಜೇಬಿನಲ್ಲಿ ಹಿಡಿಸುವ ಒಂದು ನೋಟ್‌ಬುಕ್. ಸಿಟ್ಟು ಬಂದಾಗ ಎಷ್ಟು ಗಂಟೆ, ಎಲ್ಲಿ, ಅದಕ್ಕೆ ಮುಂಚೆ ಏನಾಯಿತು, ಮೈಯಲ್ಲಿ ಏನನ್ನಿಸಿತು, ಮನಸ್ಸಿನಲ್ಲಿ ಯಾವ ಮಾತು ಹಾದುಹೋಯಿತು, ಇಷ್ಟು ಬರೆಯಬೇಕು. ಕಾರಣ ಬರೆಯುವಂತಿಲ್ಲ. ಸರಿ-ತಪ್ಪಿನ ತೀರ್ಪು ಬರೆಯುವಂತಿಲ್ಲ. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ ತಮ್ಮ ರೋಗಿಗಳ ಮನಸ್ಸಿನಲ್ಲಿ ಗಮನಕ್ಕೇ ಬಾರದಂತೆ ಹಾದುಹೋಗುವ ಮಾತುಗಳನ್ನು ಹಿಡಿದು ನೋಡಲು ಕಲಿಸಿದರು. ನಮ್ಮ ಚಿಕಿತ್ಸೆಯ ಈ ನೋಟ್‌ಬುಕ್ಕಿಗೆ ಮೂಲ ಅದೇ.

ಜನ ಇದನ್ನು ಆತ್ಮಾವಲೋಕನ ಎಂದುಕೊಂಡು ಬೇರೇನೋ ಮಾಡುತ್ತಾರೆ. ರಾತ್ರಿ ಮಲಗಿ, ಸೂರು ನೋಡುತ್ತ, "ನಾನ್ಯಾಕೆ ಹಿಂಗೆ? ನನಗೇ ಯಾಕೆ ಹಿಂಗಾಗುತ್ತೆ?" ಎಂದು ಕೇಳಿಕೊಳ್ಳುತ್ತಾರೆ. ಆ ಪ್ರಶ್ನೆ ಗಾಣದ ಎತ್ತಿನ ಹಾಗೆ ಸುತ್ತಿದಲ್ಲೇ ಸುತ್ತುತ್ತದೆ. ಹೀಗೆ ದುಃಖವನ್ನೇ ಮೆಲುಕು ಹಾಕುವವರಲ್ಲಿ ಖಿನ್ನತೆ ಹೆಚ್ಚು ಕಾಲ ಉಳಿಯುತ್ತದೆ ಎಂಬುದನ್ನು ಮನಃಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸಿಮಾ 1990ರ ದಶಕದಲ್ಲೇ ತೋರಿಸಿದ್ದಾರೆ. ನನ್ನ ಕೋಣೆಯಲ್ಲೂ ಅದನ್ನೇ ಕಾಣುತ್ತೇನೆ. 'ಯಾಕೆ' ಎಂದು ಕೇಳಿದರೆ ಜನ ತಮ್ಮ ಮೇಲೆ ಕೇಸು ಹಾಕಿಕೊಳ್ಳುತ್ತಾರೆ. 'ಯಾವಾಗ' ಎಂದು ಕೇಳಿದರೆ ಗಡಿಯಾರ ನೋಡುತ್ತಾರೆ. ನನಗೆ ಬೇಕಾದದ್ದು ಆ ಗಡಿಯಾರದ ನೋಟ.

ಮೊದಲ ವಾರ ಅವರು ಖಾಲಿ ಹಾಳೆ ತಂದರು. ಬಹುಪಾಲು ಜನ ಹಾಗೇ ತರುತ್ತಾರೆ. ಎರಡನೇ ವಾರ ಮೂರು ಸಾಲು. ಐದನೇ ವಾರದ ಹೊತ್ತಿಗೆ ಹದಿನಾಲ್ಕು ಸಾಲುಗಳಿದ್ದವು, ಇಬ್ಬರೂ ಮೇಜಿನ ಮೇಲೆ ಹರಡಿಕೊಂಡು ನೋಡಿದೆವು. ಹದಿನಾಲ್ಕರಲ್ಲಿ ಹನ್ನೊಂದು ರಾತ್ರಿ ಎಂಟೂವರೆಯಿಂದ ಒಂಬತ್ತರ ನಡುವೆ. ಶಟರ್ ಎಳೆದು, ಸ್ಕೂಟರಿನಲ್ಲಿ ಬಂದು, ಮನೆಯೊಳಗೆ ಕಾಲಿಟ್ಟ ಹತ್ತು ನಿಮಿಷದೊಳಗೆ. ಮಧ್ಯಾಹ್ನ ಎರಡಕ್ಕೆ ಉಂಡ ಮೇಲೆ ಹೊಟ್ಟೆಗೆ ಟೀ ಬಿಟ್ಟು ಏನೂ ಬಿದ್ದಿರುತ್ತಿರಲಿಲ್ಲ. ಅದರಲ್ಲೂ ಹೆಚ್ಚಿನವು ಉದ್ರಿ ಕೇಳಲು ಹೋಗಿ ಬರಿಗೈಲಿ ಬಂದ ದಿನಗಳು. ಭತ್ತದ ದುಡ್ಡು ಕೈಗೆ ಬಂದ ಮೇಲೆ ಕೊಡ್ತೀನಿ ಅಂದವರು ಕೊಟ್ಟಿರಲಿಲ್ಲ. 'ಮನಸ್ಸಿನಲ್ಲಿ ಹಾದುಹೋದ ಮಾತು' ಎಂಬಲ್ಲಿ ಅವರೇ ಬರೆದಿದ್ದರು: "ನನಗೆ ಯಾರೂ ಬೆಲೆ ಕೊಡಲ್ಲ." ಮೈಯಲ್ಲಿ ಏನನ್ನಿಸಿತು ಎಂಬಲ್ಲಿ ಒಂಬತ್ತು ಸಲ ಒಂದೇ ಪದ: ದವಡೆ ಬಿಗಿ.

"ನಾನು ಕೋಪಿಷ್ಠ" ಎಂದು ಬಂದವರ ಮುಂದೆ ಈಗ ಬೇರೆಯೇ ವಾಕ್ಯ ಇತ್ತು: ಉದ್ರಿ ಬಾರದ ದಿನ, ಹಸಿದ ಹೊಟ್ಟೆಯಲ್ಲಿ, ಅವಮಾನ ಹೊತ್ತುಕೊಂಡು ಹೊಸಿಲು ದಾಟಿದಾಗ ನನ್ನ ದವಡೆ ಬಿಗಿಯುತ್ತದೆ. ಮೊದಲನೆಯ ವಾಕ್ಯಕ್ಕೆ ನನ್ನಲ್ಲಿ ಮದ್ದಿಲ್ಲ. ಎರಡನೆಯದರಲ್ಲಿ ಕೈಹಾಕಲು ನಾಲ್ಕಾರು ಜಾಗಗಳಿವೆ. ಅರಿವು ಅಂದರೆ ನನ್ನ ಮಟ್ಟಿಗೆ ಇದೇ.

ಹಾಗಾದರೆ ಮಾಡಬೇಕಾದದ್ದೇನು? ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರ ಪ್ರಬಂಧವೊಂದರಲ್ಲಿ ವಿವರಿಸಿದ ಸರಳ ಉಪಾಯವನ್ನು ನಾವು ಬಳಸುತ್ತೇವೆ. "ಇನ್ನು ಸಿಟ್ಟು ಮಾಡಲ್ಲ" ಎಂಬ ಸಂಕಲ್ಪ ಗಟ್ಟಿಯಾಗಿ ನಿಲ್ಲುವುದಿಲ್ಲ. "ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ" ಎಂದು ಗಂಟು ಹಾಕಿದರೆ ನಿಲ್ಲುವ ಸಾಧ್ಯತೆ ಹೆಚ್ಚು. ಅವರು ಹಾಕಿಕೊಂಡ ಗಂಟು: ಸ್ಕೂಟರ್ ಸ್ಟ್ಯಾಂಡ್ ಹಾಕಿದ ಕೂಡಲೇ ಒಳಗೆ ಹೋಗದೆ, ಹಿತ್ತಲ ನಲ್ಲಿಯಲ್ಲಿ ಕೈಕಾಲು ಮುಖ ತೊಳೆಯುತ್ತೇನೆ. ಅವರ ಅಜ್ಜಿ ಮನೆಯಲ್ಲಿ ಎಲ್ಲರಿಗೂ ಇದ್ದ ರೂಢಿಯಂತೆ ಅದು. ಜೊತೆಗೆ ಆರು ಗಂಟೆಗೆ ಅಂಗಡಿಯಲ್ಲೇ ಒಂದಿಷ್ಟು ಮಂಡಕ್ಕಿ. ಕೇಳಲು ಸಣ್ಣದು. ಆದರೆ ದವಡೆಯ ಬಿಗಿಗೂ ಬಾಯಿಂದ ಹೊರಬೀಳುವ ಮಾತಿಗೂ ನಡುವೆ ನಾಲ್ಕು ನಿಮಿಷ ಸಿಕ್ಕಿತು.

ಇಲ್ಲಿ ಒಂದು ತಪ್ಪು ನಂಬಿಕೆಯ ವಿಷಯ ಹೇಳಲೇಬೇಕು, ಅದರಿಂದ ಸೋತು ಕೈಬಿಟ್ಟವರನ್ನು ಬಹಳ ನೋಡಿದ್ದೇನೆ. 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎನ್ನುತ್ತಾರೆ. ಆ ಅಂಕಿಯ ಬೇರು, ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಮಾತು. ಬದಲಾದ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕನಿಷ್ಠ 21 ದಿನ ಬೇಕು ಎಂದು ಅವರು ಗಮನಿಸಿದ್ದರು. 'ಕನಿಷ್ಠ' ಎಂಬುದು ಕಾಲಕ್ರಮೇಣ ಕಳಚಿಬಿತ್ತು. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿ ಲೆಕ್ಕ ಹಾಕಿದಾಗ ಬಂದ ಅವಧಿ 18ರಿಂದ 254 ದಿನ. ನಡುವಿನ ಅಂಕಿ 66. ಒಂದು ದಿನ ತಪ್ಪಿದರೆ ಮಾಡಿದ್ದೆಲ್ಲ ನೀರುಪಾಲಾಗುವುದಿಲ್ಲ ಎಂಬುದೂ ಅದೇ ಅಧ್ಯಯನದಿಂದ ತಿಳಿದದ್ದು.

ನೋಟ್‌ಬುಕ್ ತೋರಿಸುವುದು ಯಾವಾಗಲೂ ನಮ್ಮ ಮನಸ್ಸನ್ನೇ ಅಲ್ಲ. "ನನಗೆ ತಾಳ್ಮೆ ಕಮ್ಮಿ, ಸರಿ ಮಾಡಿಕೊಡಿ" ಎಂದು ಬಂದ ಒಬ್ಬ ಗೃಹಿಣಿ ತಿಂಗಳು ಬರೆದ ಮೇಲೆ ನಮಗೆ ಕಂಡದ್ದು ಬೇರೆ. ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ಆಕೆ ಕೂತದ್ದೇ ಇಲ್ಲ. ತಾಳ್ಮೆಯ ಪಾಠ ಹೇಳಿದ್ದರೆ ಅದು ದೊಡ್ಡ ಅನ್ಯಾಯವಾಗುತ್ತಿತ್ತು. ಆಕೆಯ ಗಂಡನನ್ನೂ ಅತ್ತೆಯನ್ನೂ ಕರೆಸಿ ಕೆಲಸ ಹಂಚಿದೆವು. ಅದಕ್ಕೇ ಹೇಳುವುದು, ಸಿಟ್ಟಿಗೆ ಹೊಡೆತ ಜೊತೆಗೂಡಿರುವ ಮನೆಯಲ್ಲಿ ಮೊದಲ ಕೆಲಸ ನೋಟ್‌ಬುಕ್ಕಿನದಲ್ಲ, ಹೊಡೆತ ತಿನ್ನುವವರ ರಕ್ಷಣೆಯದು. ಎರಡು ವಾರ ದಾಟಿದರೂ ಹೋಗದ ಬೇಸರ, ಕೆಟ್ಟ ನಿದ್ದೆ, ಬದುಕೇ ಬೇಡ ಎಂಬ ಯೋಚನೆ ಇದ್ದರೆ ಒಬ್ಬರೇ ಬರೆಯುತ್ತ ಕೂರಬೇಡಿ, ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು-ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಅಂಗಡಿಯವರು ಮೂರು ತಿಂಗಳ ನಂತರ ಬರುವುದು ನಿಲ್ಲಿಸಿದರು. ಆರು ವಾರ ಕಳೆದು ಮತ್ತೆ ಬಂದಾಗ ತಲೆ ತಗ್ಗಿಸಿಕೊಂಡೇ ನೋಟ್‌ಬುಕ್ ಮೇಜಿನ ಮೇಲಿಟ್ಟರು. ಕೊನೆಯ ಪುಟದಲ್ಲಿ ಹೀಗಿತ್ತು: "ಗೌರಿ ಹಬ್ಬದ ಹಿಂದಿನ ದಿನ. 8:40. ಕೈಕಾಲು ತೊಳೀಲಿಲ್ಲ. ದವಡೆ ಬಿಗಿ ಆಗಿದ್ದು ಗೊತ್ತಾಯ್ತು, ಆದ್ರೂ ಕೂಗಿದೆ. ಮಗಳ ಹತ್ರ ಹೋಗಿ ತಪ್ಪಾಯ್ತು ಅಂದೆ."

'ಗೊತ್ತಾಯ್ತು' ಎಂಬ ಪದದ ಕೆಳಗೆ ನಾನು ಗೆರೆ ಎಳೆದೆ. ಅವತ್ತಿನ ಮಾತು ಅಲ್ಲಿಂದ ಶುರುವಾಯಿತು.